ಹಿಂದಕ್ಕೆ ಹೋಗದ ನೀಲಕಂಠಸ್ವಾಮಿ

ಭೀಮನಬೀಡಿನ ನೀಲಕಂಠಸ್ವಾಮಿಯವರು ತಮ್ಮ ಮೋಟಾರು ಕಾರನ್ನು ಒಂದು ಗಜದಷ್ಟೂ ಹಿಂದಕ್ಕೆ ನಡೆಸುತ್ತಿರಲಿಲ್ಲ. ಹೋಗಬೇಕಾದ ಮನೆಯ ಬಾಗಿಲು ನಾಲ್ಕು ಮಾರು ದಾಟಿಹೋಯಿತೆನ್ನಿ, ಮಿಕ್ಕವರಂತೆ ಗೇರು ಬದಲಿಸಿ ಹಿಂದೆ ಸರಿಯುವುದನ್ನು ಬಿಟ್ಟು, ಅವರು ಗಂಭೀರವದನರಾಗಿ ಮುಂದಕ್ಕೇ ಸಾಗಿ, ಗುಂಡ್ಲುಪೇಟೆಯ ಪೇಟೆಬೀದಿಯನ್ನು ದಾಟಿ, ಈರುಳ್ಳಿ ಮಂಡಿಗಳ ಸಾಲನ್ನು ಬಳಸಿ, ಊರಾಚೆಯ ಬಯಲಿನಲ್ಲಿ ದೊಡ್ಡದೊಂದು ಸುತ್ತು ಹಾಕಿ, ಮೈಸೂರು ರಸ್ತೆಯ ಕಡೆಯಿಂದ ಮತ್ತೆ ಊರನ್ನು ಪ್ರವೇಶಿಸಿ, ಅದೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಎರಡನೆಯ ಸಲವೂ ಬಾಗಿಲು ದಾಟಿಹೋದ ಪ್ರಸಂಗಗಳುಂಟು. ಆಗ ಮೂರನೆಯ ಸುತ್ತು.

ನನಗೂ ಅವರಿಗೂ ಪರಿಚಯವಾದದ್ದು ಈ ವ್ರತದ ಕೃಪೆಯಿಂದಲೇ. ಸಾವಿರದ ಒಂಬೈನೂರ ಐವತ್ತನಾಲ್ಕರ ಜೂನ್ ತಿಂಗಳು. ಗುಂಡ್ಲುಪೇಟೆಯ ಮಿಡ್ಲ್ ಸ್ಕೂಲಿಗೆ ಮೇಷ್ಟರಾಗಿ ಬಂದು ನನಗಿನ್ನೂ ವಾರ ತುಂಬಿರಲಿಲ್ಲ. ಚಾಮರಾಜನಗರದ ಬಸ್ಸು ತಪ್ಪಿಹೋಗಿ, ಮರದ ನೆರಳಿನಲ್ಲಿ ಕೊಡೆ ಊರಿಕೊಂಡು ನಿಂತಿದ್ದಾಗ ದೂರದಲ್ಲಿ ಧೂಳೆಬ್ಬಿಸುತ್ತ ಒಂದು ಕಾರು ಬಂತು. ಕೈಯೆತ್ತಿದೆ. ಚಾಲಕರು ಸೌಜನ್ಯದಿಂದ ತಾವೂ ಕೈಯೆತ್ತಿ, ನನ್ನನ್ನು ದಾಟಿ ಹೊರಟೇಹೋದರು. ಉಳ್ಳವರ ದರ್ಪವನ್ನು ಮನಸ್ಸಿನಲ್ಲೇ ಶಪಿಸುತ್ತ ಇಪ್ಪತ್ತು ನಿಮಿಷ ಕಳೆದಿರಬೇಕು, ಅದೇ ಕಾರು, ಅದೇ ದಿಕ್ಕಿನಿಂದ, ಅದೇ ಧೂಳಿನೊಂದಿಗೆ ಬಂದು ನನ್ನ ಪಾದದ ಬಳಿ ನಿಂತಿತು.

"ತಡ ಆಗೋಯ್ತಾ ಮೇಷ್ಟ್ರೆ? ಕುಂತ್ಕಳಿ."

"ಎಲ್ಲಿಗೆ ಹೋಗಿ ಬಂದಿರಿ?" ಎಂದೆ.

"ಎಲ್ಗೂ ಇಲ್ವಲ್ಲ. ನಿಮ್ ತಾವ್ಕೇ ಬಂದೆ" ಎಂದರು ಅವರು, ಆಶ್ಚರ್ಯದಿಂದ.

ಆಳೆತ್ತರದ ಮನುಷ್ಯ, ನಲವತ್ತರ ಆಸುಪಾಸು. ಬೆಳಗ್ಗೆ ಹಣೆಗೆ ಧರಿಸಿದ ವಿಭೂತಿ ಮಧ್ಯಾಹ್ನದೊಳಗೆ ಎಂಜಿನ್ನಿನ ಮಸಿಯೊಡನೆ ಬೆರೆತು ಯಾವ ಮತಕ್ಕೂ ಸೇರದ ಬಣ್ಣವೊಂದನ್ನು ತಾಳುತ್ತಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಖಾಕಿ ಓವರ್‌ಕೋಟೊಂದನ್ನು ಅವರು ಚೈತ್ರದ ಉರಿಬಿಸಿಲಿನಲ್ಲೂ ತೊಟ್ಟೇ ಇರುತ್ತಿದ್ದರು. ಅದಕ್ಕೆ ಒಂಬತ್ತು ಜೇಬು. ಎಡಗಡೆಯ ದೊಡ್ಡ ಜೇಬಿನಲ್ಲಿ ಸ್ಪ್ಯಾನರುಗಳು, ಬಲಗಡೆಯದರಲ್ಲಿ ತಂತಿ, ಹಳೆಯ ಪ್ಲಗ್ಗುಗಳು, ಎಣ್ಣೆಬಟ್ಟೆ. ಎದೆಯ ಜೇಬಿನಲ್ಲಿ, ಇತರರು ಪೆನ್ನಿಡುವ ಕಡೆ, ಬಟ್ಟೆ ಒಗೆಯುವ ಬಾರ್ ಸೋಪಿನ ಒಂದು ತುಂಡು. ಪೆಟ್ರೋಲ್ ಟ್ಯಾಂಕು ಸೋರಿದರೆ ಮೆತ್ತಲು ಅದಕ್ಕಿಂತ ಮಿಗಿಲಾದದ್ದಿಲ್ಲವೆಂದು ಅವರ ಸಿದ್ಧಾಂತ. ಸ್ಪ್ಯಾನರುಗಳ ಭಾರಕ್ಕೆ ಎಡಹೆಗಲು ಸದಾ ಇಳಿದಿರುತ್ತಿದ್ದುದರಿಂದ ಅವರ ನಡಿಗೆಗೆ ಒಂದು ವಾಲು ಬಂದಿತ್ತು. ಹೆಜ್ಜೆಗೊಮ್ಮೆ ಕಬ್ಬಿಣ ಕಬ್ಬಿಣಕ್ಕೆ ತಾಗಿ ಸದ್ದಾಗುತ್ತಿತ್ತು. ಬೀದಿಯ ತಿರುವಿನಾಚೆ ಅವರು ಬರುತ್ತಿರುವುದು ನಮಗೆ ಮೊದಲೇ ತಿಳಿಯುತ್ತಿತ್ತು.

ಮಾತಿನ ನಡುವೆ ಥಟ್ಟನೆ ನಿಂತು, ತಲೆಯನ್ನು ಓರೆ ಮಾಡಿ, ತೋರುಬೆರಳನ್ನು ಎತ್ತಿ, "ಕೇಳುಸ್ತಾ?" ಎನ್ನುವುದು ಅವರ ಅಭ್ಯಾಸ. ಲೋಕದ ಸಕಲ ವ್ಯಾಧಿಗಳೂ ಶಬ್ದದ ಮೂಲಕವೇ ತಮ್ಮನ್ನು ಪ್ರಕಟಿಸಿಕೊಳ್ಳುತ್ತವೆಂದು ಅವರು ನಂಬಿದ್ದರು. ನಾನು ಕೆಮ್ಮಿದರೆ "ಕಾರ್ಬೊರೇಟ್ರು ಕಟ್ಕಂಡದೆ ಮೇಷ್ಟ್ರೆ, ಬಿಸ್ನೀರ್ ಕುಡೀರಿ" ಎನ್ನುತ್ತಿದ್ದರು. ಒಮ್ಮೆ ಮದುವೆಯ ಮನೆಯಲ್ಲಿ ಧಾರೆಯ ಹೊತ್ತಿಗೆ ಸರಿಯಾಗಿ ವಾಲಗದವರ ಕಡೆ ಬೆರಳೆತ್ತಿ, "ಆ ಡೋಲಲ್ಲಿ ಒಂದ್ ನಟ್ಟು ಲೂಸಾಗದೆ" ಎಂದುಬಿಟ್ಟರು. ಡೋಲಿನವನು ನೊಂದುಕೊಂಡು ಊಟಕ್ಕೆ ಏಳಲಿಲ್ಲ. ಕೊನೆಗೆ ಇವರೇ ಹೋಗಿ, ಡೋಲಿನ ಹಗ್ಗ ಬಿಗಿದು, ಅವನ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಕುಳಿತರು.

ಇನ್ನು ಆ ಕಾರು. ಊಟಿಯ ಕಡೆಯ ಚಹಾ ತೋಟದ ದೊರೆಯೊಬ್ಬ ಸ್ವದೇಶಕ್ಕೆ ಮರಳುವಾಗ ಬಿಟ್ಟುಹೋದದ್ದು. ಮಡಿಸಬಹುದಾದ ಕ್ಯಾನ್ವಾಸಿನ ಚಾವಣಿ, ಹಿಚುಕಿದರೆ ಕೂಗುವ ರಬ್ಬರು ಬುರುಡೆಯ ಹಾರ್ನು, ಮುಂದುಗಡೆ ತಿರುವಿ ಎಬ್ಬಿಸುವ ಕಬ್ಬಿಣದ ಹ್ಯಾಂಡಲ್. ಕಂಪನಿಯ ಹೆಸರನ್ನು ಹೊತ್ತ ಹಿತ್ತಾಳೆಯ ಪಟ್ಟಿ ಎಂದೋ ಬಿದ್ದುಹೋಗಿ ಎರಡು ತೂತುಗಳಷ್ಟೇ ಉಳಿದಿದ್ದುದರಿಂದ, ಅದು ಯಾವ ದೇಶದ್ದೆಂಬ ಚರ್ಚೆ ನಮ್ಮಲ್ಲಿ ವರ್ಷಗಟ್ಟಲೆ ನಡೆಯಿತು. ಪೆಟ್ರೋಲಿನ ಟ್ಯಾಂಕು ಮುಂದಿನ ಸೀಟಿನ ಕೆಳಗಿತ್ತು; ಪೆಟ್ರೋಲು ಹಾಕುವಾಗಲೆಲ್ಲ ಮುಂದೆ ಕುಳಿತವರು ಕೆಳಗಿಳಿದು, ಸೀಟನ್ನು ಎತ್ತಿಕೊಂಡು ರಸ್ತೆಯಲ್ಲಿ ನಿಲ್ಲಬೇಕಾಗುತ್ತಿತ್ತು.

'ನಮ್ಮಲ್ಲಿ' ಎಂದೆನಲ್ಲ, ಅದು ನಾಲ್ವರ ಕೂಟ. ಕಾರಿನ ಒಡೆಯರು ನೀಲಕಂಠಸ್ವಾಮಿ. ಕಾರಿನ ವಿದ್ಯೆ ಬಲ್ಲವನು ಪುಟ್ಟಮಾದಯ್ಯ. ಬರ್ಮಾ ಯುದ್ಧದಲ್ಲಿ ಮಿಲಿಟರಿ ಟ್ರಕ್ಕು ಓಡಿಸಿ ಬಂದು, ಈಗ ಗುಂಡ್ಲುಪೇಟೆಯಿಂದ ಕಲ್ಲಿಕೋಟೆಗೆ ತರಕಾರಿ ಲಾರಿ ನಡೆಸುತ್ತಿದ್ದವನು. ಎಂಜಿನ್ನು ಕೈಕೊಟ್ಟಾಗ ಅವನು ಮಲಯಾಳದಲ್ಲಿ ಬೈಯುತ್ತಿದ್ದ. ಹಿರಿಯರಿಗೆ ಅರ್ಥವಾಗಬಾರದೆಂಬ ಮರ್ಯಾದೆಯಿಂದ. ಮೂರನೆಯವನು ಈರುಳ್ಳಿ ಮಂಡಿಯ ಚಿಕ್ಕಮಲ್ಲಪ್ಪ, ನೀಲಕಂಠಸ್ವಾಮಿಯವರ ಬಾಲ್ಯದ ಗೆಳೆಯ. ದೇಹ ಸ್ಥೂಲ, ನಾಲಗೆ ಚುರುಕು. ಕಾರಿನ ಬಗ್ಗೆ ಅವನ ಜ್ಞಾನವೆಲ್ಲ ಹಿಂದಿನ ಸೀಟಿನಲ್ಲಿ ಕುಳಿತು ಸಂಪಾದಿಸಿದ್ದು. ನಾಲ್ಕನೆಯವನಾದ ನನಗೆ ಕಾರೂ ಇರಲಿಲ್ಲ, ಜ್ಞಾನವೂ ಇರಲಿಲ್ಲ. ತಳ್ಳುವ ಬಲವಿತ್ತು, ಅದನ್ನು ಆ ಕೂಟ ಬಹುವಾಗಿ ಗೌರವಿಸುತ್ತಿತ್ತು.

ಹಿಂದಕ್ಕೆ ಹೋಗದ ವ್ರತಕ್ಕೆ ಕಾರಣ ಕೇಳಿದರೆ ಅವರು ದಿನಕ್ಕೊಂದು ಹೇಳುತ್ತಿದ್ದರು. ಒಂದು ದಿನ ಆ ಗೇರಿನ ಹಲ್ಲು ಸವೆದಿದೆ ಎಂದು. ಇನ್ನೊಂದು ದಿನ ಮನೆಯಿಂದ ಹೊರಟವರು ಹಿಂದೆ ಸರಿಯುವುದು ಶುಭವಲ್ಲವೆಂದು. ಮತ್ತೊಂದು ದಿನ, "ಇಂದ್ಕೆ ಓಗದ್ಕೆ ಕಾರ್ ಯಾಕ್ ಬೇಕು, ಕುಂತಿದ್ ಜಾಗ್ದಲ್ಲೇ ಕುಂತಿದ್ರಾಯ್ತದೆ" ಎಂದು. ಅವರ ಮಡದಿ ಗುರುಸಿದ್ದಮ್ಮನವರು ಇದಕ್ಕೆ ಒಗ್ಗಿಹೋಗಿದ್ದರು. "ಊಟಕ್ ಬತ್ತೀನಿ ಅಂದ್ರೆ ಬಂದ್ರು ಅಂತಲ್ಲ. ಒಂದ್ಸಲ ಬಾಗ್ಲು ಮುಂದೆ ಓದ್ರೆ ಎಸರಿಡ್ತೀನಿ, ಸುತ್ತಾಕಂಡ್ ಬರ ಒತ್ಗೆ ಮುದ್ದೆ ಆಗಿರ್ತದೆ" ಎಂದು ನನಗೊಮ್ಮೆ ಹೇಳಿದ್ದರು.

ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತ್ತು. ಕಾರು ಹತ್ತುವ ಮುನ್ನ ಅವರು ಎಂದೂ ತಪ್ಪದೆ ಅದರ ಸುತ್ತ ಒಂದು ಸಲ ನಡೆದು, ಹಿಂಭಾಗದಲ್ಲಿ ಮಂಡಿಯೂರಿ ಕೆಳಗೆ ಬಗ್ಗಿ ನೋಡಿ ಬರುತ್ತಿದ್ದರು. ವಾಹನಕ್ಕೆ ಪ್ರದಕ್ಷಿಣೆ, ನಮಸ್ಕಾರ ಸಲ್ಲಿಸುವ ಭಕ್ತಿಯೆಂದು ನಾನು ತಿಳಿದು, ತರಗತಿಯಲ್ಲಿ ಮಕ್ಕಳಿಗೆ ಅದನ್ನು ಆಯುಧಪೂಜೆಯ ನಿಜವಾದ ಅರ್ಥವೆಂದು ವರ್ಣಿಸಿಯೂ ಇದ್ದೆ.

ಚಿಕ್ಕಮಲ್ಲಪ್ಪನ ತಮ್ಮನಿಗೆ ಚಾಮರಾಜನಗರದಲ್ಲಿ ಹೆಣ್ಣು ನೋಡಲು ಹೋದ ದಿನ ಈ ವ್ರತ ತನ್ನ ಪೂರ್ಣ ಮಹಿಮೆಯನ್ನು ಪ್ರದರ್ಶಿಸಿತು. ಕಾರಿನಲ್ಲಿ ಹೋಗಿ ಇಳಿದರೆ ಹೆಣ್ಣಿನ ಕಡೆಯವರ ಮುಂದೆ ತೂಕ ಬರುತ್ತದೆಂದು ಚಿಕ್ಕಮಲ್ಲಪ್ಪನ ಲೆಕ್ಕಾಚಾರ. ತೆರಕಣಾಂಬಿಯಲ್ಲಿ ಒಂದು ಸಲ, ಅಲ್ಲಿಂದ ಮುಂದೆ ಎರಡು ಸಲ ನಿಂತು ದಣಿವಾರಿಸಿಕೊಂಡ ಮೇಲೆ ಕಾರು ಚಾಮರಾಜನಗರವನ್ನು ಮುಟ್ಟಿ, ಹೆಣ್ಣಿನ ಮನೆಯಿದ್ದ ಓಣಿಯನ್ನು ಹೊಕ್ಕಿತು. ಓಣಿಯ ಕೊನೆಯಲ್ಲಿ ಗೋಡೆ. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹೆಣ್ಣನ್ನು ಕಂಡು ಹೊರಗೆ ಬಂದಾಗ ನೀಲಕಂಠಸ್ವಾಮಿಯವರು ಗೋಡೆಯನ್ನು, ಕಾರನ್ನು, ಮತ್ತೆ ಗೋಡೆಯನ್ನು ನೋಡಿ, ಕೋಟಿನ ಗುಂಡಿ ಹಾಕಿಕೊಂಡು ನಿಂತುಬಿಟ್ಟರು. ಪುಟ್ಟಮಾದಯ್ಯ ಆ ದಿನ ಕಲ್ಲಿಕೋಟೆಯಲ್ಲಿದ್ದ. ಕೊನೆಗೆ ಹೆಣ್ಣಿನ ತಂದೆ, ಸೋದರಮಾವ, ಹಜಾಮತಿಯ ನಡುವೆ ಅರ್ಧ ಗಡ್ಡದಲ್ಲೇ ಎದ್ದು ಬಂದ ನೆರೆಮನೆಯ ಯಜಮಾನ, ನಾನು, ಮದುವೆಯಾಗಬೇಕಾದ ವರ, ಎಲ್ಲರೂ ಸೇರಿ ಕಾರನ್ನು ಹಿಂದಕ್ಕೆ ತಳ್ಳಿದೆವು. ಆಗಲೂ ನೀಲಕಂಠಸ್ವಾಮಿಯವರು ಸ್ಟಿಯರಿಂಗನ್ನು ಮುಟ್ಟಲಿಲ್ಲ. ಚಿಕ್ಕಮಲ್ಲಪ್ಪನನ್ನು ಅಲ್ಲಿ ಕೂರಿಸಿ, ತಾವು ಕಾರಿನ ಹಿಂದೆ ಎರಡು ಕೈ ಚಾಚಿ, "ಯಾರೂ ಬರ್ಬ್ಯಾಡಿ, ಸರೀರಿ, ಯಾರಾರ ಕುಂತಿದ್ದೀರಾ ನೋಡ್ಕಳಿ" ಎಂದು ಖಾಲಿ ಓಣಿಗೆ ಕೂಗಿ ಹೇಳುತ್ತ ನಡೆದರು. ಕಿಟಕಿಯಲ್ಲಿ ನಿಂತಿದ್ದ ಹುಡುಗಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಬೆವರಿ ತೊಯ್ದ ವರ ಆ ನಗುವನ್ನು ಕಂಡು ತಾನೂ ನಕ್ಕ. ಸಂಬಂಧ ಅಲ್ಲೇ ಕುದುರಿತು.

ಹೀಗೆ ನಗುನಗುತ್ತಲೇ ಎರಡು ವರ್ಷ ಉರುಳಿದವು. ಐವತ್ತಾರರ ಸಂಕ್ರಾಂತಿ ಕಳೆದ ಮೇಲೆ ಅವರ ತಾಯಿ ಶಾಂತಮಲ್ಲಮ್ಮನವರಿಗೆ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಮನಸ್ಸಾಯಿತು. ಅರವತ್ತೈದು ದಾಟಿದ, ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಗಾಡಿ ಹೂಡಿ, ಹೊಲ ಉಳಿಸಿ, ಮಗನನ್ನು ಬೆಳೆಸಿದ ಗಟ್ಟಿ ಜೀವ. ಮನೆಯ ಹಸು ಕರು ಹಾಕಿದರೆ ಮೊದಲ ಬೆಣ್ಣೆಯನ್ನು ಬೆಟ್ಟಕ್ಕೆ ಒಪ್ಪಿಸುವುದು ಆಕೆ ನಡೆಸಿಕೊಂಡು ಬಂದ ಹರಕೆ. ಆದರೆ ಕೆಲವು ವರ್ಷಗಳ ಹಿಂದೆ ಬಾವಿಕಟ್ಟೆಯ ಬಳಿ ಜಾರಿ ಬಿದ್ದರಂತೆ; ಎಡಗಾಲಿನ ಮೂಳೆ ಮುರಿದು, ನಾಟಿ ವೈದ್ಯರ ಕಟ್ಟಿನಿಂದ ಕೂಡಿಕೊಂಡರೂ ಕಾಲು ಗಿಡ್ಡವಾಗಿ ಉಳಿದಿತ್ತು. ಬೆಟ್ಟ ಹತ್ತುವ ಶಕ್ತಿಯಿಲ್ಲ. ಡೋಲಿಯಲ್ಲಿ ಹೊರಿಸೋಣವೆಂದರೆ, "ನಾನೇನ್ ಎಣವಾ ಒತ್ಕಂಡೋಗಕೆ?" ಎಂದು ಗದರಿದ್ದರು.

"ಕಾರಲ್ಲಿ ಓಗನ ಅವ್ವ" ಎಂದರು ಮಗ.

ಆಗ ಬೆಟ್ಟಕ್ಕೆ ಈಗಿನಂಥ ರಸ್ತೆ ಇರಲಿಲ್ಲ. ಕಾಡಿನವರು ಮರ ಸಾಗಿಸಲು ಅಗಲ ಮಾಡಿದ್ದ ಕಲ್ಲುಮಣ್ಣಿನ ದಾರಿ. ಒಂದು ಮುಂಜಾನೆ ಹೊರಟೆವು. ಹಿಂದಿನ ಸೀಟಿನಲ್ಲಿ ಶಾಂತಮಲ್ಲಮ್ಮನವರು ಮತ್ತು ಚಿಕ್ಕಮಲ್ಲಪ್ಪ, ಮುಂದೆ ನಾವು ಮೂವರು. ಬೆಣ್ಣೆಯ ಕುಡಿಕೆಯನ್ನು ಉರುಳದಂತೆ ಮುಂದಿನ ಸೀಟಿನ ಕೆಳಗೆ, ಟ್ಯಾಂಕಿಗೆ ಒರಗಿಸಿ ಇಟ್ಟಿದ್ದರು. ಹಂಗಳ ದಾಟಿ, ಬೆಟ್ಟದ ಬುಡದ ಗೇಟಿಗೆ ಬಂದಾಗ ಕಾಡಿನ ಗಾರ್ಡು ನಮ್ಮ ಕಾರನ್ನು ಮರುಕದಿಂದ ನೋಡಿ, "ನಾಕ್ ಗಂಟೆ ಒಳ್ಗೆ ಇಳ್ದು ಬಂದ್ಬುಡಿ ಸ್ವಾಮಿ. ಆನೆ ಓಡಾಡ್ತಾ ಅವೆ" ಎಂದ.

ಅರ್ಧ ಬೆಟ್ಟದವರೆಗೆ ಕಾರು ಸೊಗಸಾಗಿ ಏರಿತು. ಅಲ್ಲಿಂದ ದಾರಿ ಕಡಿದಾಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ. ಎಂಜಿನ್ನು ಕೆಮ್ಮಿತು, ಕ್ಷೀಣಿಸಿತು, ನಿಂತುಹೋಯಿತು. ನಾನೂ ಚಿಕ್ಕಮಲ್ಲಪ್ಪನೂ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆವು.

"ಕೇಳುಸ್ತಾ?" ಎಂದು ನೀಲಕಂಠಸ್ವಾಮಿಯವರು ಬೆರಳೆತ್ತಿದರು.

"ಏನೂ ಕೇಳುಸ್ತಾ ಇಲ್ಲ ಕಣ್ಲಾ" ಎಂದ ಚಿಕ್ಕಮಲ್ಲಪ್ಪ.

"ಅದೇ ನಾನೂ ಅಂದಿದ್ದು."

ಪ್ಲಗ್ಗು ಬಿಚ್ಚಿ ಒರೆಸಿದರು, ಕೊಳವೆಗೆ ಬಾಯಿಟ್ಟು ಊದಿದರು, ಸೋಪು ಮೆತ್ತಿದರು. ಪುಟ್ಟಮಾದಯ್ಯ ಹ್ಯಾಂಡಲ್ ತಿರುವಿದ. ಎಂಜಿನ್ನು ಎದ್ದಿತು, ಹತ್ತು ಗಜ ಹೋಗಿ ಮತ್ತೆ ಮಲಗಿತು. ಹೀಗೆ ನಾಲ್ಕು ಬಾರಿ. ಐದನೆಯ ಬಾರಿ ಹ್ಯಾಂಡಲ್ ಎದುರುಮುಖವಾಗಿ ಒದ್ದು ಅವನ ಬಲಗೈಯ ಮಣಿಕಟ್ಟಿಗೆ ಬಡಿಯಿತು. ಆ ದಿನ ಅವನು ಕನ್ನಡದಲ್ಲೇ ಬೈದ. ನೋಡನೋಡುತ್ತಿದ್ದಂತೆ ಕೈ ಊದಿಕೊಂಡಿತು. ಚಿಕ್ಕಮಲ್ಲಪ್ಪನ ಟವಲಿನಿಂದ ಅದನ್ನು ಕಟ್ಟಿ ಕತ್ತಿಗೆ ಜೋಲಿ ಬಿಗಿದೆವು. ಬಂಡೆಯ ಮೇಲೆ ಕುಳಿತು ನೋವು ನುಂಗುತ್ತ ಕಾರನ್ನೇ ದಿಟ್ಟಿಸುತ್ತಿದ್ದ ಪುಟ್ಟಮಾದಯ್ಯ ಇದ್ದಕ್ಕಿದ್ದಂತೆ ನಕ್ಕ.

"ಸಾಮೇರೆ, ಟ್ಯಾಂಕು ಎಲ್ಲದೆ?"

"ಸೀಟಿನ್ ಕೆಳ್ಗೆ."

"ಎಂಜಿನ್ನು?"

"ಮುಂದ್ಗಡೆ."

"ಮೂತಿ ಆಕಾಸಕ್ಕಾಗದೆ. ಪೆಟ್ರೋಲು ಕೆಳ್ಗೆ ನಿಂತ್ಬುಟ್ಟದೆ, ಮ್ಯಾಕ್ ಎಂಗ್ ಅತ್ತದು? ಗಾಡಿಯ ತಿರುಗ್ಸಿ, ರಿವರ್ಸಲ್ಲಿ ಅತ್ಸಿ. ಎಂಜಿನ್ನು ತಗ್ಗಲ್ಲಿರ್ತದೆ, ಪೆಟ್ರೋಲು ತಾನಾಗೇ ಅರೀತದೆ. ಬರ್ಮಾದಲ್ಲಿ ಇಂತ ಅಳೇ ಗಾಡಿಗಳ ಅಂಗೇ ಅತ್ಸಿದ್ದು ನಾವು."

ನಾವು ಒಬ್ಬರ ಮುಖವನ್ನೊಬ್ಬರು ನೋಡಿ, ಕೊನೆಗೆ ಎಲ್ಲರೂ ನೀಲಕಂಠಸ್ವಾಮಿಯವರ ಕಡೆ ತಿರುಗಿದೆವು. ಅವರು ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿಕೊಂಡರು.

"ಬ್ಯಾಡ. ವಾಪಸ್ ಓಗನ."

"ಎಂಗ್ ಓದೀರಿ? ತಿರುಗ್ಸದ್ಕೂ ಇಂದ್ಕೇ ಬುಡ್ಬೇಕಲ್ಲ" ಎಂದ ಪುಟ್ಟಮಾದಯ್ಯ.

ಅದು ನಿಜವಾಗಿತ್ತು. ಮೇಲೇರಲು ಹಿಂದಕ್ಕೆ ಹೋಗಬೇಕು, ಕೆಳಗಿಳಿಯಲೂ ಹಿಂದಕ್ಕೆ ಹೋಗಬೇಕು. ಅದನ್ನು ಮಾಡಬಲ್ಲ ಒಬ್ಬನೇ ಒಬ್ಬನ ಕೈ ಜೋಲಿಯಲ್ಲಿತ್ತು. ಕಮರಿಯ ಕಡೆಯಿಂದ ಬಿದಿರು ಮುರಿಯುವ ಸದ್ದು ಎರಡು ಸಲ ಕೇಳಿತು. ಚಿಕ್ಕಮಲ್ಲಪ್ಪನ ತಾಳ್ಮೆ ಕಡಿದುಹೋಯಿತು.

"ನಿನ್ ಮನೆ ಕಾಯೋಗ! ಒಂದ್ಸಲ ಇಂದ್ಕೋದ್ರೆ ನಿನ್ ಗಂಟೇನ್ಲಾ ಓಯ್ತದೆ? ಅವ್ವನ ಕಾಡಲ್ ಕುಂಡ್ರುಸ್ಕಂಡು ವ್ರತ ಮಾಡ್ತಾವ್ನೆ ವ್ರತವ!"

ನೀಲಕಂಠಸ್ವಾಮಿಯವರು ಕಾರಿನ ಪಾವಟಿಗೆಯ ಮೇಲೆ ಕುಸಿದು ಕುಳಿತರು. ಕೋಟಿನ ಅಂಚಿನಿಂದ ಮುಂದಿನ ದೀಪದ ಗಾಜನ್ನು ಒರೆಸತೊಡಗಿದರು; ಒರೆಸಿದ್ದನ್ನೇ ಒರೆಸಿದರು.

"ನನ್ ಕೈಲಾಗಲ್ಲ ಕಣ್ಲಾ ಮಲ್ಲ" ಎಂದರು. ಸ್ಪ್ಯಾನರುಗಳ ಸದ್ದಿಗಿಂತ ಮೆಲ್ಲಗಿದ್ದ ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

ಆಗ ಹಿಂದಿನ ಸೀಟಿನಿಂದ ಶಾಂತಮಲ್ಲಮ್ಮನವರು ಮಾತಾಡಿದರು.

"ಅವ್ನ ಬೈಬ್ಯಾಡ ಬುಡಪ್ಪ ಚಿಕ್ಮಲ್ಲ. ಮೇಷ್ಟ್ರೆ, ನಾನು ಬಾವಿ ತಾವ ಜಾರಿ ಬಿದ್ದಿದ್ದಲ್ಲ ಕಣಪ್ಪ. ಕಾರ್ ತಂದ್ ಮೂರ್ನೇ ದಿನ, ಅಂಗಳದಲ್ಲಿ ಇಂವ ಇಂದ್ಕೆ ಬುಡ್ತಾ ಇದ್ದ. ನಾನು ಇಂದ್ಗಡೆ ಒರಳು ತಾವ ಕುಂತಿದ್ದೆ. ನಂಗೂ ಗ್ಯಾನ ಇರ್ನಿಲ್ಲ, ಇಂವ್ನಿಗೂ ಕಾಣ್ನಿಲ್ಲ. ಊರೋರ್ಗೆಲ್ಲ ಜಾರ್ಬುಟ್ಟೆ ಅಂದೆ. ಅವ್ವನ್ ಕಾಲ್ ಮುರ್ದವ್ನು ಅಂತ ಊರೋರು ಆಡ್ಕಂಡ್ರೆ ನನ್ ಮಗ ಎಂಗ್ ತಲೆ ಎತ್ಕಂಡ್ ತಿರುಗಾನು?"

ಚಿಕ್ಕಮಲ್ಲಪ್ಪ ತಲೆ ತಗ್ಗಿಸಿದ. ನನಗೆ ಆ ಪ್ರದಕ್ಷಿಣೆ, ಆ ಮಂಡಿಯೂರಿದ ನಮಸ್ಕಾರ, ಖಾಲಿ ಓಣಿಗೆ ಹೇಳಿದ ಎಚ್ಚರಿಕೆ ಎಲ್ಲ ಒಟ್ಟಿಗೆ ಅರ್ಥವಾಗಿ, ಮಕ್ಕಳ ಮುಂದೆ ನಾನು ಕೊಟ್ಟಿದ್ದ ವ್ಯಾಖ್ಯಾನಕ್ಕೆ ನಾಚಿಕೆಯಾಯಿತು.

ಶಾಂತಮಲ್ಲಮ್ಮನವರು ಸೀಟಿನ ಮೇಲೆ ಕಷ್ಟಪಟ್ಟು ಹಿಂದುಮುಂದಾಗಿ ತಿರುಗಿ, ಗಿಡ್ಡಗಾಲನ್ನು ಮಡಿಸಿ, ಮಡಿಚಿಟ್ಟಿದ್ದ ಕ್ಯಾನ್ವಾಸು ಚಾವಣಿಯನ್ನು ಎರಡೂ ಕೈಯಿಂದ ಹಿಡಿದು ಕುಳಿತರು.

"ಲೋ ನೀಲ. ಅವತ್ತು ನಾನು ಕಾರಿನ್ ಇಂದೆ ಇದ್ದೆ. ಇವತ್ತು ಒಳ್ಗೇ ಕುಂತಿವ್ನಿ. ಇಂದ್ಗಡೆ ಏನದೆ ಅಂತ ನಾ ನೋಡ್ಕತೀನಿ. ನೀ ಬುಡು."

ಮಗ ಎದ್ದು, ಕಾರನ್ನು ಒಂದು ಸುತ್ತು ಬಂದು, ಹಿಂಭಾಗದಲ್ಲಿ ಮಂಡಿಯೂರಿ ನೋಡಿ, ಸೀಟು ಹತ್ತಿದರು.

ಮೊದಲು ಕಾರನ್ನು ಮೆಲ್ಲಗೆ ಹಿಂದಕ್ಕೆ ಉರುಳಬಿಟ್ಟು, ದಾರಿ ಸ್ವಲ್ಪ ಅಗಲವಿದ್ದ ತಿರುವಿನಲ್ಲಿ ಅದರ ಮೂತಿಯನ್ನು ಕೆಳಕ್ಕೆ ತಿರುಗಿಸಿದ್ದಾಯಿತು. ಅದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಚಿಕ್ಕಮಲ್ಲಪ್ಪ ತನ್ನ ಸಮಸ್ತ ತೂಕವನ್ನೂ ಹಾಕಿ ಹ್ಯಾಂಡಲ್ ತಿರುವಿದ. ಎಂಜಿನ್ನು ಎದ್ದಿತು, ಈ ಸಲ ಮಲಗಲಿಲ್ಲ. ಹೀಗೆ ನಮ್ಮ ಕಾರು ಬೆನ್ನು ಮುಂದಾಗಿ ಗೋಪಾಲಸ್ವಾಮಿ ಬೆಟ್ಟವನ್ನು ಏರತೊಡಗಿತು. ಪಕ್ಕದಲ್ಲಿ ಒಂದೊಂದು ಕಲ್ಲು ಹಿಡಿದು ನಾನೂ ಚಿಕ್ಕಮಲ್ಲಪ್ಪನೂ ಏದುಸಿರು ಬಿಡುತ್ತ ಓಡುತ್ತಿದ್ದೆವು, ಕೆಳಗೆ ಮೂತಿಯ ಕಡೆಯಿಂದ ಪುಟ್ಟಮಾದಯ್ಯ ಜೋಲಿಗೈಯವನಾಗಿ ಗೇರಿನ ಸಲಹೆಗಳನ್ನು ಕೂಗುತ್ತ ಬರುತ್ತಿದ್ದ.

ಆರಂಭದಲ್ಲಿ ಶಾಂತಮಲ್ಲಮ್ಮನವರು "ಎಡಕ್ಕೆ" ಎಂದರು, ಕಾರು ನೇರ ಲಂಟಾನದ ಪೊದೆಗೆ ನುಗ್ಗಿತು. ಬೆಟ್ಟದ ಕಡೆ ಮುಖ ಮಾಡಿದ್ದ ತಾಯಿಯ ಎಡವೂ, ಬಯಲಿನ ಕಡೆ ಮುಖ ಮಾಡಿದ್ದ ಮಗನ ಎಡವೂ ಬೇರೆ ಬೇರೆಯಾಗಿದ್ದವು. ಆಮೇಲೆ ಆಕೆ ದಿಕ್ಕುಗಳನ್ನೇ ಕೈಬಿಟ್ಟು, "ಬಂಡೆ ಕಡೀಕೆ... ಇನ್ನೊಂಚೂರು... ಅಳ್ಳದ ಕಡೀಕೆ ಬ್ಯಾಡ ಕಣೋ... ಆಂ, ಅಂಗೇ ಬಾ ನನ್ ಕಂದ" ಎಂದು, ಎತ್ತುಗಳನ್ನು ಏರಿ ಹತ್ತಿಸುವ ಹದವಾದ ದನಿಯಲ್ಲಿ ನಡೆಸಿಕೊಂಡು ಹೋದರು. ನೀಲಕಂಠಸ್ವಾಮಿಯವರ ಕತ್ತು ಪೂರ್ತಿ ಹಿಂದಕ್ಕೆ ಹೊರಳಿತ್ತು. ಅವರು ನೋಡುತ್ತಿದ್ದದ್ದು ದಾರಿಯನ್ನಲ್ಲ, ತಾಯಿಯ ಬೆನ್ನನ್ನು.

ಕೊನೆಯ ತಿರುವಿಗೆ ಮುಂಚೆ ಆಕೆ ಪಿಸುದನಿಯಲ್ಲಿ, "ನಿಲ್ಸು" ಎಂದರು. ನಾನು ಚಕ್ರಕ್ಕೆ ಕಲ್ಲು ಕೊಟ್ಟು ನೋಡಿದರೆ ಮೂವತ್ತು ಗಜದಾಚೆ, ದಾರಿಯ ನಡುವೆ ಒಂದು ಒಂಟಿ ಆನೆ. ಅದೂ ನಮಗೆ ಬೆನ್ನು ಮಾಡಿ ನಿಂತಿತ್ತು. ಕಾರಿನ ಬೆನ್ನೂ ಆನೆಯ ಬೆನ್ನೂ ಎದುರೆದುರು. ಪುಟ್ಟಮಾದಯ್ಯನ ಕಣ್ಣು ಹಾರ್ನಿನ ಬುರುಡೆಯ ಮೇಲೆ ಬಿದ್ದದ್ದನ್ನು ಕಂಡು ಶಾಂತಮಲ್ಲಮ್ಮನವರು, "ಸುಮ್ಕಿರಪ್ಪ. ಅದ್ರ ಪಾಡ್ಗೆ ಅದು ಓಯ್ತದೆ" ಎಂದರು. ಹತ್ತು ನಿಮಿಷ ಅದು ಬಿದಿರು ತಿಂದಿತು, ಕಿವಿ ಬೀಸಿತು, ನಮ್ಮ ಇರವನ್ನೇ ಗಣಿಸದೆ ಕಾಡಿಗಿಳಿಯಿತು. ಚಿಕ್ಕಮಲ್ಲಪ್ಪನಿಗೆ ಕೈಯಲ್ಲಿದ್ದ ಕಲ್ಲನ್ನು ಕೆಳಗಿಡುವ ಶಕ್ತಿ ಆಮೇಲೂ ಬರಲಿಲ್ಲ. ಅವನು ಅದನ್ನು ದೇವಸ್ಥಾನದ ಬಾಗಿಲವರೆಗೂ ಎದೆಗವಚಿಕೊಂಡೇ ಬಂದ.

ನೆತ್ತಿಯಲ್ಲಿ ಮಂಜು ಹರಿದಾಡುತ್ತಿತ್ತು. ನಮ್ಮ ಸದ್ದಿಗೆ ಹೊರಬಂದ ವೃದ್ಧ ಅರ್ಚಕರು, ಇಳಿಜಾರಿನ ಕಡೆಗೆ ಮೂತಿ ಮಾಡಿದ್ದ ಕಾರನ್ನು ಕಂಡು ನೊಂದ ದನಿಯಲ್ಲಿ, "ಇನ್ನೂ ಮಂಗಳಾರತಿಯೇ ಆಗಿಲ್ಲ, ಆಗಲೇ ಹೊರಟುಬಿಟ್ಟಿರಾ?" ಎಂದರು.

ಬೆಣ್ಣೆ ಅರ್ಧ ಕರಗಿತ್ತು. ಅರ್ಚಕರು ಕುಡಿಕೆಯನ್ನು ಮೂಸಿ ಹುಬ್ಬು ಗಂಟಿಕ್ಕಿ, ಮತ್ತೆ ಮೂಸಿ, ಒಳಗೆ ಒಯ್ದರು. ಪೆಟ್ರೋಲಿನ ಕಂಪುಳ್ಳ ನವನೀತವನ್ನು ಗೋಪಾಲಕೃಷ್ಣ ಆ ದಿನ ಹೇಗೆ ಸ್ವೀಕರಿಸಿದನೋ ಅವನೇ ಬಲ್ಲ.

ಮಗನ ತೋಳನ್ನು ಹಿಡಿದು ಶಾಂತಮಲ್ಲಮ್ಮನವರು ಕುಂಟುತ್ತ ಒಳಗೆ ಬಂದಾಗ ಅರ್ಚಕರು, "ಈ ಕಾಲಿನಲ್ಲಿ ಹೇಗಮ್ಮ ಬೆಟ್ಟ ಹತ್ತಿದಿರಿ?" ಎಂದು ಕೇಳಿದರು. ಆಕೆ ದೇವಸ್ಥಾನದಲ್ಲಿದ್ದ ಇತರ ಎಂಟು ಹತ್ತು ಜನಕ್ಕೂ ಕೇಳುವಂತೆ, "ನನ್ ಮಗ ಕರ್ಕಂಡ್ ಬಂದ" ಎಂದರು. ನೀಲಕಂಠಸ್ವಾಮಿಯವರು ಗರ್ಭಗುಡಿಯ ಕಡೆ ಕೈಮುಗಿದು ನಿಂತಿದ್ದರು. ಮಂಗಳಾರತಿಯ ತಟ್ಟೆ ಮುಂದೆ ಬಂದದ್ದೂ ಅವರಿಗೆ ಗೊತ್ತಾಗಲಿಲ್ಲ. ನಾನು ಮೊಣಕೈಯಿಂದ ತಿವಿಯಬೇಕಾಯಿತು.

ಮರಳಿ ಬಂದ ಮೇಲೆ ಅವರಿಗೆ ಹಿಂದಕ್ಕೆ ನಡೆಸುವ ಹುಚ್ಚು ಹಿಡಿಯಿತು. ಮೂರು ವರ್ಷದ ಉಪವಾಸ ಮುಗಿಸಿದವರಂತೆ ಅವರು ಅಂಗಡಿಗೆ ಹಿಮ್ಮುಖ, ಮಂಡಿಗೆ ಹಿಮ್ಮುಖ, ನಮ್ಮ ಸ್ಕೂಲಿಗಂತೂ ಕಾಂಪೌಂಡಿನ ಗೇಟನ್ನು ಕಿತ್ತುಕೊಂಡೇ ಹಿಮ್ಮುಖವಾಗಿ ಪ್ರವೇಶಿಸಿದರು. ಗೇಟನ್ನು ತಾವೇ ಮೂರು ದಿನ ಕುಳಿತು ರಿಪೇರಿ ಮಾಡಿ, ಮೊದಲಿಗಿಂತ ಸಲೀಸಾಗಿ ತಿರುಗುವಂತೆ ಎಣ್ಣೆ ಬಿಟ್ಟುಹೋದರು. ಪುಟ್ಟಮಾದಯ್ಯನ ಮಣಿಕಟ್ಟು ಕೂಡಿಕೊಂಡಿತು. ಅವನ ಕೈ ಗುಣವಾಗುವವರೆಗೆ ಎರಡು ತಿಂಗಳು ಅವನ ಮನೆಗೆ ರಾಗಿ, ಕಾಳು ಭೀಮನಬೀಡಿನಿಂದ ಬಂದವು. ತಂದು ಇಳಿಸುತ್ತಿದ್ದವರು ಸ್ವತಃ ನೀಲಕಂಠಸ್ವಾಮಿಯವರೇ. ಐವತ್ತೆಂಟರಲ್ಲಿ ಕಾರನ್ನು ಚಾಮರಾಜನಗರದ ಟೆಂಟ್ ಸಿನಿಮಾದವರೊಬ್ಬರು ಕೊಂಡು, ಮೇಲೊಂದು ಮೈಕು ಕಟ್ಟಿ ಊರೂರು ತಿರುಗಿಸಿದರು. ಮರುವರ್ಷ ನನಗೂ ಅದೇ ಊರಿಗೆ ವರ್ಗವಾಯಿತು.

ಯಂತ್ರವನ್ನು ಪ್ರೀತಿಸುವವರ ಎದೆ ಒಣಗಿರುತ್ತದೆಂದು ಓದುಬರಹದ ಜನ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಾನು ಕಂಡ ಮೋಟಾರು ಹುಚ್ಚಿನವರು ಯಾರೂ ಹಾಗಿರಲಿಲ್ಲ. ಕೆಟ್ಟದ್ದನ್ನೆಲ್ಲ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದರೆ ಸರಿಹೋಗುತ್ತದೆಂಬ ಅಪಾರ ಭರವಸೆ ಅವರದು. ಹಾಗೆ ಬಿಚ್ಚಲು ಬಾರದ, ಬಿಡಿಭಾಗ ಸಿಗದ ನೋವೊಂದು ತಮ್ಮ ಪಾಲಿಗೆ ಬಂದಾಗ ಮಾತ್ರ ಅವರು ಮಾತು ಕಳೆದುಕೊಂಡು, ಅದಕ್ಕೆ ತಾಗದಂತೆ ಮೈಲಿಗಟ್ಟಲೆ ಸುತ್ತುತ್ತಾರೆ. ಜೊತೆಗೆ ಕುಳಿತ ನಾವು ಅದನ್ನು ಹಟವೆಂದೋ ಖಯಾಲಿಯೆಂದೋ ನಗುತ್ತೇವೆ. ಇಂಥವರ ಪಕ್ಕದ ಸೀಟಿನಲ್ಲಿ ಕುಳಿತವನು ಎಲ್ಲಿಗೂ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ, ನಿಜ. ಆದರೆ ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗಿನ ಸಾಲುಮರಗಳಲ್ಲಿ ಯಾವುದರ ನೆರಳು ಎಷ್ಟು ತಂಪೆಂಬುದು ಇಂದಿಗೂ ನನಗೆ ಕಣ್ಣು ಮುಚ್ಚಿದರೂ ತಿಳಿಯುತ್ತದೆ. ಒಂದೊಂದರ ಬುಡದಲ್ಲೂ ಅರ್ಧರ್ಧ ಗಂಟೆ, ಒಳ್ಳೆಯ ಸಹವಾಸದಲ್ಲಿ, ನಾನು ಕುಳಿತಿದ್ದೇನೆ.